ಮುತ್ಯಾಲಮ್ಮನ ಬೆನ್ನ ಹಿಂದೆ ನಿಂತ ಮಗ

ಐವತ್ತೇಳು ವರ್ಷದ ಹೆಂಗಸಿಗೆ ಮನೆಯಲ್ಲಿ ಯಾರೂ 'ನಿನಗೆ ವಯಸ್ಸಾಯಿತು' ಎನ್ನುವುದಿಲ್ಲ. ಬೆಳಗ್ಗೆ ಎದ್ದು ಹಸುವಿನ ಹಾಲು ಕರೆಯುವಾಗ ಅವಳಿಗೆ ವಯಸ್ಸಿಲ್ಲ. ಡೇರಿಗೆ ಹಾಲು ಹಾಕಿ ಬಂದು, ಮುದ್ದೆ ತಿರುವಿ, ಮೊಮ್ಮಗುವಿನ ತಲೆ ಬಾಚುವಾಗಲೂ ಇಲ್ಲ. ಕೂಲಿ ಕೊಡುವ ಕಡೆ ಹೋಗಿ ಕೂತಾಗ ಮಾತ್ರ ಇದ್ದಕ್ಕಿದ್ದಂತೆ ವಯಸ್ಸಾಗಿಬಿಡುತ್ತದೆ. ಬೂದಿಕೋಟೆ ಹತ್ತಿರದ ಹಳ್ಳಿಯ ಮುತ್ಯಾಲಮ್ಮನಿಗೆ ವಯಸ್ಸಾದದ್ದು ಒಂದು ಸೋಮವಾರ.

ಬಂಗಾರಪೇಟೆಯ ಹೊರಗೆ, ಬೂದಿಕೋಟೆ ರಸ್ತೆಯಲ್ಲಿ, ಖಾರದ ಪುಡಿ ಮಾಡುವ ಒಂದು ಶೆಡ್ಡಿದೆ. ಹೆಂಗಸರು ಗೋಡೆಯ ಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಇನ್ನೊಂದು ಮೂಲೆಯಲ್ಲಿ ಪುಡಿ ಮಾಡುವ ಮಿಶಿನ್. ಶೆಡ್ಡು ಶುರುವಾದ ದಿನದಿಂದ ಮುತ್ಯಾಲಮ್ಮ ಅಲ್ಲಿದ್ದಳು. ಅವಳ ಮಗ ಚಿರಂಜೀವಿ ಅಲ್ಲಿಗೇ ಸೇರಿ, ಹೋದ ವರ್ಷ ಸೂಪರ್‌ವೈಸರ್ ಆಗಿದ್ದ.

ಆ ಸೋಮವಾರ ಮಾಲೀಕ ಶಿವಕುಮಾರ್ ತನ್ನ ಊರು ಕೋರಮಂಡಲ್‌ನಿಂದ ಬೈಕಿನಲ್ಲಿ ಬಂದವನೇ ಎಲ್ಲರನ್ನೂ ಸೇರಿಸಿದ. ವಯಸ್ಸಾದವರನ್ನು ಇಟ್ಟುಕೊಂಡರೆ ನಷ್ಟ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಐವತ್ತೈದು ದಾಟಿದವರೆಲ್ಲ ಒಂದು ಕಡೆ ಕೂತ್ಕೊಳ್ಳಿ ಮಾ. ಈ ತಿಂಗಳು ಪೂರ್ತಿ ಚಿರಂಜೀವಿ ನಿಮ್ಮನ್ನೇ ನೋಡ್ತಾನೆ. ಕೈ ಓಡಿದ್ರೆ ಇರಿ. ಇಲ್ಲಾಂದ್ರೆ ಮನೇಲಿ ರೆಸ್ಟ್ ತಗೊಳ್ಳಿ."

"ರೆಸ್ಟು ಅಂದ್ರೆ ಕೂಲಿ ಸೇರ್ಸೇನಾ ಸಾರ್?" ಎಂದಳು ಮುತ್ಯಾಲಮ್ಮ.

ಎಲ್ಲರೂ ನಕ್ಕರು. ಚಿರಂಜೀವಿ ಮಾತ್ರ ತಲೆ ತಗ್ಗಿಸಿದ.

ಅಂದಿನಿಂದ ಐದು ಜನ ಹೆಂಗಸರು ಗೋಡೆಗೆ ಒರಗಿ ಕೂತರು. ಅವರ ಹಿಂದೆ ಫೋನಿನಲ್ಲಿ ಟೈಮು ನೋಡುತ್ತ ಚಿರಂಜೀವಿ ನಿಂತ. ಏಳಬಾರದು, ಮಾತಾಡಬಾರದು, ಆ ಕಡೆ ಈ ಕಡೆ ತಿರುಗಬಾರದು. ಅಮ್ಮನಿಗೆ ಸಡಿಲ ಬಿಟ್ಟ ಎಂದು ಯಾರಾದರೂ ಆಡಿಕೊಂಡಾರೆಂದು ಅವನು ಅಮ್ಮನ ಬೆನ್ನ ಹಿಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಮೊದಲೆಲ್ಲ ಹೊಸ ಹುಡುಗಿಯರು ಸೇರಿದರೆ ಮುತ್ಯಾಲಮ್ಮ ತಾನೇ ಎದ್ದು ಹೋಗುತ್ತಿದ್ದಳು. "ಏ ಉಡುಗಿ, ಜಡೆ ಮೇಲಕ್ಕೆ ಕಟ್ಟೇ. ವೇಲು ಸೊಂಟಕ್ಕೆ ಸುತ್ಕೊ. ಬೆಲ್ಟಿನ ಅತ್ರ ಕೈ ಚಾಚ್ಬ್ಯಾಡ" ಎಂದು ಗದರಿ ಬರುತ್ತಿದ್ದಳು. ಅದಕ್ಕೆ ಯಾರೂ ಅವಳಿಗೆ ಕೂಲಿ ಕೊಟ್ಟಿರಲಿಲ್ಲ, ಮಾಡು ಎಂದು ಹೇಳಿರಲೂ ಇಲ್ಲ. ಈಗ ಅದಕ್ಕೆ ಟೈಮ್ ವೇಸ್ಟ್ ಎಂಬ ಹೆಸರು ಬಂತು.

ಆ ವಾರ ಒಂದು ಸಂಜೆ ಪಕ್ಕದ ಬೀದಿಯ ಸುಕನ್ಯ ಹಾಲಿಗೆ ಬಂದಳು. ಅವಳು ಕಾರ್ಮಿಕರ ಒಂದು ಸಂಘದ ಪರವಾಗಿ ಶೆಡ್ಡು, ಕಾರ್ಖಾನೆಗಳಿಗೆ ಹೋಗಿ ಅಪಘಾತ ಆಗದಂತೆ ಹೇಗೆ ಕೆಲಸ ಮಾಡಬೇಕು ಎಂದು ತಿಳಿಸಿಕೊಡುವವಳು. ಮುತ್ಯಾಲಮ್ಮನ ಮುಖ ನೋಡಿದೊಡನೆ ಏನೋ ಆಗಿದೆ ಎಂದು ಅವಳಿಗೆ ಗೊತ್ತಾಯಿತು.

"ಏನಿಲ್ಲ ಕಣಮ್ಮ, ನನ್ ಮಗ ನನ್ನ ಕಾಯ್ತಾವ್ನೆ. ಕಳ್ಳಿ ನೋಡು ನಾನು."

"ಅಕ್ಕಾ, ನೀನೇ ನ್ಯಾಯ ಏಳು" ಎಂದ ಚಿರಂಜೀವಿ. "ವಯಸ್ಸಾದ್ಮೇಲೆ ಕೈ ನಿಧಾನ ಆಗ್ತದೆ. ನಿಧಾನ ಆದೋರ ಮೇಲೆ ಕಣ್ಣಿಡ್ಬೇಕು. ಇದ್ರಾಗೆ ನಂದೇನು ತಪ್ಪು?"

"ಮೂಟೆ ಹೊರೋ ಕೆಲಸ ಆದ್ರೆ ನಿನ್ನ ಮಾತು ಸ್ವಲ್ಪ ಒಪ್ತೀನಿ. ಅಲ್ಲಿ ಮೈ ಬಲ ಬೇಕು. ತೊಟ್ಟು ಬಿಡ್ಸೋಕೆ ಏನು ಬಲ ಬೇಕು? ಇಂಥ ಕೆಲಸದಲ್ಲಿ ವಯಸ್ಸು ನೋಡಿ ಯಾರು ಎಷ್ಟು ಮಾಡ್ತಾರೆ ಅಂತ ಹೇಳೋಕಾಗಲ್ಲ. ಬೇಕಾದಷ್ಟು ಜನ ಅಳೆದು ನೋಡಿದ್ದಾರೆ. ಚಿಕ್ಕವರಲ್ಲೂ ನಿಧಾನದವರು ಇರ್ತಾರೆ, ದೊಡ್ಡವರಲ್ಲೂ ಇರ್ತಾರೆ. ಅದಿರಲಿ, ಮಿಶಿನ್ ಮುಂದೆ ಈಗ ಯಾರಿದ್ದಾರೆ?"

"ನವ್ಯ ಅಂತ, ಕಾಮಸಮುದ್ರದ ಕಡೆಯೋಳು. ಒಸದಾಗಿ ಸೇರವ್ಳೆ. ಅತ್ತೊಂಬತ್ತು ವರ್ಷ, ಒಳ್ಳೆ ಚುರುಕು."

"ಅವಳಿಗೆ ಯಾರು ತೋರಿಸ್ಕೊಟ್ರು?"

ಚಿರಂಜೀವಿ ನಕ್ಕ. "ಫೋನ್ ನೋಡ್ಕೊಂಡೇ ಎಲ್ಲಾ ಕಲ್ಯೋ ಉಡುಗ್ರು ಅಕ್ಕಾ. ಸ್ವಿಚ್ ಆಕೋದನ್ನ ಏಳ್ಕೊಡ್ಬೇಕಾ?"

"ಏನೋ ನಿನ್ನ ಲೆಕ್ಕ! ಇಪ್ಪತ್ತು ವರ್ಷದವಳಾಗಲಿ, ಐವತ್ತರವಳಾಗಲಿ, ಕೆಲಸಕ್ಕೆ ಹೊಸಬರಾದ್ರೆ ಮೊದಲ ದಿನಗಳಲ್ಲೇ ಪೆಟ್ಟು ಜಾಸ್ತಿ. ಪಕ್ಕದಲ್ಲಿ ಯಾರಾದರೂ ನಿಂತ್ಕೋಬೇಕಾದ್ದು ಆಗ. ನೀನು ಎಲ್ಲಾ ಗೊತ್ತಿರೋ ಅಮ್ಮನ ಹಿಂದೆ ನಿಂತ್ಕೊಂಡು, ಏನೂ ಗೊತ್ತಿಲ್ದಿರೋ ಹುಡುಗೀನ ಒಂಟಿ ಬಿಟ್ಟಿದ್ದೀಯ."

"ಸರೇ ಬಿಡಕ್ಕಾ, ಮಾಲೀಕ್ರು ಏಳಿದ್ದು ನಾನು ಮಾಡ್ತೀನಿ" ಎಂದು ಚಿರಂಜೀವಿ ಎದ್ದು ಹೊರಗೆ ಹೋದ.

ಸುಕನ್ಯ ಹಾಲಿನ ಚೆಂಬು ಹಿಡಿದು ಹೊರಟಳು. ಮುತ್ಯಾಲಮ್ಮ ಒಲೆಯ ಮುಂದೆ ಕೂತು ಅತ್ತಳು. ಆ ಶೆಡ್ಡು ಅವಳಿಗೆ ಬರೀ ಕೂಲಿಯ ಜಾಗ ಆಗಿರಲಿಲ್ಲ. ಮನೆಯಲ್ಲಿ ಅವಳು ಚಿರಂಜೀವಿಯ ಅಮ್ಮ, ಮೊಮ್ಮಗುವಿನ ಅಜ್ಜಿ. ಅಲ್ಲಿ ಮಾತ್ರ ಮುತ್ಯಾಲಮ್ಮ. ಆ ಜಾಗ ಹೋದರೆ ತನ್ನ ಹೆಸರು ಹಿಡಿದು ಕರೆಯುವವರೂ ಇರುವುದಿಲ್ಲ ಎಂದು ಅವಳಿಗೆ ಭಯವಾಯಿತು. ಏನೇ ಆಗಲಿ, ಈ ತಿಂಗಳು ತಲೆ ಎತ್ತದೆ ಕೆಲಸ ಮಾಡಿ ಜಾಗ ಉಳಿಸಿಕೊಳ್ಳಬೇಕು ಎಂದುಕೊಂಡಳು.

ಮುಂದಿನ ವಾರ ಮಿಶಿನ್ನಿನ ಬೆಲ್ಟು ಹರಿದು ಹೊಸದು ಹಾಕಿದರು. ಬೆಲ್ಟಿನ ಮೇಲಿದ್ದ ಕಬ್ಬಿಣದ ಮುಚ್ಚಳ ಬಿಚ್ಚುವಾಗ ಮುರಿದಿತ್ತು. ಬೇರೆ ಮುಚ್ಚಳ ತರೋಣ ಬಿಡು ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಯಾರೂ ತರಲಿಲ್ಲ.

ಗುರುವಾರ ಬೆಳಗ್ಗೆ ತೊಟ್ಟು ಬಿಡಿಸುತ್ತಿದ್ದ ಮುತ್ಯಾಲಮ್ಮ ಕಣ್ಣು ಎತ್ತಿದಳು. ನವ್ಯ ಬಗ್ಗಿ, ಬೆಲ್ಟಿನ ಕೆಳಗೆ ಬಿದ್ದ ಪುಡಿಯನ್ನು ಪೊರಕೆಯಲ್ಲಿ ಎಳೆದುಕೊಳ್ಳುತ್ತಿದ್ದಳು. ಮಿಶಿನ್ ಓಡುತ್ತಲೇ ಇತ್ತು. ಅವಳ ವೇಲಿನ ತುದಿ ಗಾಳಿಗೆ ಹಾರಿ ಬೆಲ್ಟಿನ ಹತ್ತಿರ ಹೋಗಿ ಬರುತ್ತಿತ್ತು.

"ಚಿರಂಜೀವಿ, ಆ ಉಡುಗಿ ವೇಲು ನೋಡ್ಲಾ."

"ನಿನ್ ಕೆಲ್ಸ ನೋಡಮ್ಮ."

"ಲೇ, ಮಿಶಿನ್ ಓಡ್ತಾ ಐತೆ, ಮುಚ್ಚಳ ಇಲ್ಲ ಕಣ್ಲಾ!" ಎನ್ನುತ್ತ ಮುತ್ಯಾಲಮ್ಮ ಅರ್ಧ ಎದ್ದಳು.

"ಅಮ್ಮಾ, ಕೂತ್ಕೊ! ಎಲ್ರೂ ನೋಡ್ತಾವ್ರೆ. ಇನ್ನೊಂದ್ ಮಾತಾಡಿದ್ರೆ ಮನೆಗೇ ಓಗು."

ಮನೆಗೆ ಹೋಗು ಎಂದರೆ ಕೆಲಸ ಹೋಯಿತು ಎಂದೇ ಅರ್ಥ. ಮುತ್ಯಾಲಮ್ಮ ಕೂತಳು. ಮೆಣಸಿನಕಾಯಿ ಕೈಗೆ ತೆಗೆದುಕೊಂಡಳು.

ನವ್ಯ ಕಿರುಚಿದ್ದು ಆಗ. ವೇಲು ಬೆಲ್ಟಿಗೆ ಸಿಕ್ಕಿ ಎಳೆಯಿತು. ಬಿಡಿಸಿಕೊಳ್ಳಲು ಅವಳು ಕೈ ಹಾಕಿದಳು, ಕೈಯೂ ಸಿಕ್ಕಿಕೊಂಡಿತು. ಚಿರಂಜೀವಿ ಫೋನ್ ಹಿಡಿದುಕೊಂಡೇ ನಿಂತುಬಿಟ್ಟ. ಓಡಿ ಹೋಗಿ ಸ್ವಿಚ್ ಆರಿಸಿದವಳು ನಿಧಾನದವಳೆಂದು ಲೆಕ್ಕಕ್ಕೆ ಇಟ್ಟಿದ್ದ ಮುತ್ಯಾಲಮ್ಮ. ಅಷ್ಟು ಹೊತ್ತಿಗೆ ಆಗುವುದು ಆಗಿಹೋಗಿತ್ತು. ನವ್ಯಳನ್ನು ಬಂಗಾರಪೇಟೆಯ ಆಸ್ಪತ್ರೆಯಿಂದ ಕೋಲಾರಕ್ಕೆ ಕಳಿಸಿದರು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

"ಆ ಹುಡುಗಿಗೇ ಜಾಗ್ರತೆ ಇಲ್ಲ ಪಾ" ಎಂದ ಶಿವಕುಮಾರ್. ಎರಡು ದಿನ ಬಾಗಿಲು ಹಾಕಿದ್ದ ಶೆಡ್ಡು ಮೂರನೆಯ ದಿನ ತೆರೆಯಿತು. ತಿಂಗಳು ಮುಗಿಯಿತು. ಗೋಡೆಯ ಪಕ್ಕದ ಐದು ಹೆಂಗಸರು ಬಿಡಿಸಿದ ಮೆಣಸಿನಕಾಯಿ ಉಳಿದವರು ಬಿಡಿಸಿದ್ದಕ್ಕಿಂತ ಕಡಿಮೆ ಇರಲಿಲ್ಲ, ಹೆಚ್ಚೂ ಇರಲಿಲ್ಲ. ಚಿರಂಜೀವಿ ಅದನ್ನೇ ಹೇಳಿದ.

ಶಿವಕುಮಾರ್ ತಲೆ ಕೆರೆದುಕೊಂಡ. "ಅದೆಲ್ಲಾ ಸರಿ ಪಾ. ಈಗ ಆಗಿರೋದು ನೋಡಿದ್ಯಲ್ಲ? ಆ ವಯಸ್ಸಿನ ಹುಡುಗಿಗೇ ಹಿಂಗಾದ್ರೆ ಈ ಅಮ್ಮಂದಿರಿಗೆ ಏನಾದ್ರೂ ಆದ್ರೆ? ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಡು."

ಬೆರಳು ಹೋದದ್ದು ಹತ್ತೊಂಬತ್ತರವಳದು. ಕೆಲಸ ಹೋದದ್ದು ಐವತ್ತೇಳರವಳದು. ಮುಚ್ಚಳವಿಲ್ಲದ ಬೆಲ್ಟಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಕೆಲಸ ಹೋದ ಸುದ್ದಿಯನ್ನು ಚಿರಂಜೀವಿಯೇ ಮನೆಗೆ ಹೊತ್ತು ತಂದ, ಮುತ್ಯಾಲಮ್ಮ ಕೇಳಿಸಿಕೊಂಡು ಹಸುವಿಗೆ ಹುಲ್ಲು ಹಾಕಲು ಹೋದಳು.

ಭಾನುವಾರ ಸುಕನ್ಯ ನವ್ಯಳ ಪರಿಹಾರದ ವಿಷಯ ಮಾತಾಡಲು ಕಾಮಸಮುದ್ರದ ಬಸ್ಸು ಹತ್ತಿದಳು. ತಾಯಿ ಮಗ ಇಬ್ಬರೂ ಜೊತೆಗೆ ಹೋದರು.

ನವ್ಯ ಜಗುಲಿಯಲ್ಲಿ ಕೂತಿದ್ದಳು. ಬಲಗೈಗೆ ಬಿಳಿ ಪಟ್ಟಿ. ಅವಳ ತಾಯಿ ಅಮ್ಮಾಜಮ್ಮ ಪಕ್ಕದಲ್ಲಿ ಕೂತು ಅವಳಿಗೆ ಊಟ ಮಾಡಿಸುತ್ತಿದ್ದಳು. ಬಂದವರನ್ನು ಕೂತ್ಕೊಳ್ಳಿ ಎನ್ನಲಿಲ್ಲ. ನೇರವಾಗಿ ಮುತ್ಯಾಲಮ್ಮನನ್ನು ಕೇಳಿದಳು.

"ನೀನು ಅಲ್ಲೇ ಕೂತಿದ್ದಂತಲ್ಲಕ್ಕಾ. ಕಾಣ್ಲಿಲ್ವಾ ನಿಂಗೆ? ಕಂಡಿದ್ರೆ ಒಂದ್ ಮಾತು ಅನ್ಬಾರ್ದಾಗಿತ್ತಾ? ನೀನೂ ಮಕ್ಳನ್ನ ಎತ್ತೋಳಲ್ವಾ?"

ಮುತ್ಯಾಲಮ್ಮ ಮಗನ ಕಡೆ ನೋಡಿದಳು. ಅಂದೆ ಎಂದರೆ ಮಗನನ್ನು ಹಿಡಿದುಕೊಟ್ಟ ಹಾಗೆ. ಅನ್ನಲಿಲ್ಲ ಎಂದರೆ ಸುಳ್ಳು.

"ಅಮ್ಮ ಅಂದ್ರು" ಎಂದ ಚಿರಂಜೀವಿ. "ಎರಡ್ಸಲ ಅಂದ್ರು. ಮನೆಗೆ ಓಗು ಅಂತ ಬಾಯಿ ಮುಚ್ಸಿದ್ದು ನಾನು."

"ಇವ್ನು ಮುಚ್ಸಿದ, ನಾನೂ ಮುಚ್ಕೊಂಡೆ" ಎಂದಳು ಮುತ್ಯಾಲಮ್ಮ. "ಕೆಲ್ಸ ಓಗ್ತದೆ ಅಂತ ಎದ್ದೋಳು ಕೂತ್ಬಿಟ್ಟೆ ಕಣಮ್ಮ. ಓದ ಬೆರಳು ಯಾರು ತಂದ್ಕೊಡ್ತಾರೆ?"

ಇರಲಿ ಬಿಡಿ ಎಂದು ಅಮ್ಮಾಜಮ್ಮ ಹೇಳಲಿಲ್ಲ. ಅವಳು ಯಾಕೆ ಹೇಳಬೇಕು? ಇನ್ನೊಂದು ತುತ್ತು ಮಗಳ ಬಾಯಿಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನವ್ಯ ತುತ್ತು ನುಂಗಿ ಚಿರಂಜೀವಿಯನ್ನು ನೋಡಿದಳು. "ಅಣ್ಣಾ, ಆ ಮಿಶಿನ್ ಮುಂದೆ ಈಗ ಯಾರವ್ರೆ?"

"ಲಿಖಿತ ಅಂತ ಒಂದು ಉಡುಗಿ. ಮೊನ್ನೆ ಸೇರಿದ್ಳು."

"ಮುಚ್ಚಳ ಆಕ್ಸಿದ್ರಾ?"

"ಇಲ್ಲ" ಎಂದ ಅವನು.

"ಅವ್ಳಿಗಾದ್ರೂ ಯಾರಾದ್ರೂ ಏಳ್ಕೊಟ್ರಾ?"

ಅದಕ್ಕೂ ಇಲ್ಲವೆಂದೇ ಅವನು ತಲೆ ಅಲ್ಲಾಡಿಸಿದ. ಹಾಲಿಗೆ ಬಂದ ಸಂಜೆ ಸುಕನ್ಯ ಹೇಳಿದ್ದೆಲ್ಲ ಚಿರಂಜೀವಿಗೆ ಈಗ ಅರ್ಥವಾಯಿತು, ಬೇರೆಯವರ ಮಗಳು ಅದಕ್ಕೆ ಬೆಲೆ ತೆತ್ತ ಮೇಲೆ.

ಸೋಮವಾರ ಚಿರಂಜೀವಿ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ ಮಿಶಿನ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಶಿವಕುಮಾರ್ ಬಂದು ಕನ್ನಡದಲ್ಲೂ ತಮಿಳಿನಲ್ಲೂ ಬೈದ.

"ಬೆಲ್ಟಿಗೆ ಮುಚ್ಚಳ ಬರೋವರ್ಗೂ ಮಿಶಿನ್ ಓಡಲ್ಲ ಸಾರ್. ಗೊತ್ತಿರೋರು ಪಕ್ಕ ನಿಂತು ಈ ಉಡುಗಿಗೆ ಕಲಿಸೋವರ್ಗೂ ಓಡಲ್ಲ. ಗೊತ್ತಿರೋರನ್ನ ನೀವೇ ಮನೆಗೆ ಕಳ್ಸಿದ್ದೀರ, ಕರೀರಿ. ಬೇಕಾದ್ರೆ ನನ್ನ ತೆಗೀರಿ."

ಅಂಗಡಿಗಳಿಗೆ ಪುಡಿ ಕಳಿಸುವ ದಿನ ಅದು. ಶಿವಕುಮಾರ್‌ಗೆ ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂಗಾರಪೇಟೆಯಿಂದ ವೆಲ್ಡಿಂಗ್‌ನವನು ಮುಚ್ಚಳ ತಂದು ಕೂರಿಸಿ ಹೋದ. ಅಷ್ಟೇ ಕೆಲಸ, ಅರ್ಧ ದಿನದ್ದು. ಅಷ್ಟು ಮಾಡದೆ ಬಿಟ್ಟದ್ದಕ್ಕೆ ಒಂದು ಹುಡುಗಿ ಇನ್ನು ಬದುಕಿರುವಷ್ಟು ದಿನ ಎಡಗೈಯಲ್ಲಿ ಉಣ್ಣಬೇಕು.

ಐದು ಹೆಂಗಸರಿಗೂ ಕರೆ ಬಂತು. ಮುತ್ಯಾಲಮ್ಮ ಬಂದು ತನ್ನ ಜಾಗದಲ್ಲಿ ಕೂರಲಿಲ್ಲ. ಯಾರನ್ನೂ ಕೇಳದೆ ಮಿಶಿನ್ ಹತ್ತಿರ ಹೋಗಿ ಲಿಖಿತಳ ವೇಲು ತೆಗೆಸಿ ಗೂಟಕ್ಕೆ ನೇತುಹಾಕಿದಳು. ಮೊದಲು ಸ್ವಿಚ್ ಆರಿಸುವುದು ಎಲ್ಲಿ, ಹೇಗೆ ಎಂದು ತೋರಿಸಿದಳು. ಜಾಗ ಉಳಿಯಿತಲ್ಲ ಎಂದು ಯಾರೋ ಅಂದರು. ಅವಳಿಗೆ ಸಂತೋಷವಾಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಶೆಡ್ಡು ನಡೆಸುವ ಮಾಲೀಕರೇ, ಮೇಸ್ತ್ರಿಗಳೇ. ತಲೆ ನರೆತಿದೆ ಎಂದು ಯಾರನ್ನೂ ಕೆಲಸದಿಂದ ಬಿಡಿಸಬೇಡಿ. ಅವರು ಮಾಡುವ ಕೆಲಸ ನೋಡಿ. ಚಿಕ್ಕವರು, ಚುರುಕಿನವರು ಎಂದು ಯಾರನ್ನೂ ಮಿಶಿನ್ ಮುಂದೆ ಒಂಟಿಯಾಗಿ ಬಿಡಬೇಡಿ. ನಿಮ್ಮ ಕಣ್ಣು ಕೆಲಸಕ್ಕೆ ಹೊಸಬರಾದವರ ಮೇಲಿರಲಿ. ಬಲ್ಲವರನ್ನು ಅವರ ಪಕ್ಕ ನಿಲ್ಲಿಸಿ, ಆ ಹೊತ್ತಿಗೂ ಕೂಲಿ ಕೊಡಿ. ಕೆಲಸಗಾರರೇ, ಅಪಾಯ ಕಂಡರೆ ಯಾರು ಗದರಿದರೂ ಕೂರಬೇಡಿ. ಈ ಹಾಳೆಯನ್ನು ಮಡಿಸಿಡುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ, ನಿಮ್ಮ ಶೆಡ್ಡಿನಲ್ಲಿ ಈಗ ಮಿಶಿನ್ ಮುಂದೆ ಇರುವವರು ಯಾರು? ಅವರು ಹೊಸಬರಾಗಿ, ಪಕ್ಕ ಯಾರೂ ಇಲ್ಲವೆಂದರೆ ಎದ್ದು ಹೋಗಿ ಮೊದಲು ಸ್ವಿಚ್ ಆರಿಸಿ. ಮಾತು ಆಮೇಲೆ ಆಡೋಣ.