ಯಾರ ಬೆರಳಿನ ಮೇಲೆ ನೋಡಿದ್ದು?

ಬಸ್ ಓಡಿಸುವ ಗಂಡನ ಕೆಮ್ಮು ವಾರವಾದರೂ ಇಳಿದಿರಲಿಲ್ಲ. ಹೊಲಿಗೆಯಾಕೆಗೆ ಮೊದಲು ಚಿಂತೆಯಾಯಿತು, ಆಮೇಲೆ ಸಿಟ್ಟು ಬಂತು. ಓಣಿಯ ತುದಿಯ ಸರ್ಕಾರಿ ಕ್ಲಿನಿಕ್ಕಿಗೆ ತಾನೇ ಅವನನ್ನು ಕರೆದುಕೊಂಡು ಹೋಗಿದ್ದಳಲ್ಲ? ಡಾಕ್ಟರು ಅವನ ಬೆರಳಿಗೆ ಬಟ್ಟೆ ಕ್ಲಿಪ್ಪಿನಂಥ ಪುಟ್ಟ ಯಂತ್ರ ಸಿಕ್ಕಿಸಿದ್ದರು. ಅಂಕಿ ನೋಡಿ, ರಕ್ತದಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದು ಸಿರಪ್ ಕೊಟ್ಟು ಮನೆಗೆ ಕಳಿಸಿದ್ದರು. ಯಂತ್ರವೇ ಚೆನ್ನಾಗಿದೆ ಎಂದ ಮೇಲೆ ಇವನದೇನು ನಾಟಕ ಎಂದು ಅವಳು ಗಂಡನಿಗೆ ನಾಲ್ಕು ಮಾತು ಆಡಿಯೂ ಬಿಟ್ಟಿದ್ದಳು.

ಅಂದು ಮಧ್ಯಾಹ್ನ ಮಹಡಿ ಮೇಲಿನ ನರ್ಸಕ್ಕ ತನ್ನ ಸಮವಸ್ತ್ರ ಸಡಿಲ ಮಾಡಿಸಲು ಬಂದವಳು ಬಾಗಿಲಲ್ಲೇ ನಿಂತಳು. ಕುರ್ಚಿಯಲ್ಲಿದ್ದ ಅವನು ಏನೋ ಹೇಳಲು ಹೋಗಿ, ಒಂದು ವಾಕ್ಯ ಮುಗಿಸಲಾಗದೆ ಏದುಸಿರು ಬಿಟ್ಟ. ನರ್ಸಕ್ಕ ಅವನ ಕೆಳತುಟಿ ಸರಿಸಿ ಒಳಗೆ ನೋಡಿದಳು. ಅಲ್ಲಿ ಬೂದಿಬಣ್ಣ ತಿರುಗಿತ್ತು. ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ ಎಂದಳು.

ಯಂತ್ರ ಚೆನ್ನಾಗಿದೆ ಎಂದಿದೆಯಲ್ಲ ಎಂದಳು ಹೊಲಿಗೆಯಾಕೆ. ನಮ್ಮಂಥ ಕಪ್ಪು ಮೈಯವರಿಗೆ ಆ ಅಂಕಿ ನಂಬುವಂತಿಲ್ಲ ಎಂದು ನರ್ಸಕ್ಕ ಹೇಳಿದರೂ ಅವಳು ಒಪ್ಪಲಿಲ್ಲ. "ಮನುಷ್ಯರು ಬೇಕಾದ್ರೆ ಮುಖ ನೋಡಿ ಮಣೆ ಹಾಕ್ತಾರೆ ಅಕ್ಕಾ. ಯಂತ್ರಕ್ಕೇನು ಕಪ್ಪು ಬಿಳುಪು ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ತೊಂದರೆ ಇರೋದೇ ಅಲ್ಲಿ. ನಡಿ, ದಾರೀಲಿ ಜಗಳ ಆಡೋಣ."

ದೊಡ್ಡಾಸ್ಪತ್ರೆಯಲ್ಲೂ ಬೆರಳಿನ ಯಂತ್ರ ಒಳ್ಳೆಯ ಅಂಕಿಯನ್ನೇ ತೋರಿಸಿತು. ನರ್ಸಕ್ಕ ಪಟ್ಟು ಬಿಡದೆ, ಮಣಿಕಟ್ಟಿನಿಂದ ರಕ್ತ ತೆಗೆದು ಅದರಲ್ಲೇ ಆಮ್ಲಜನಕ ಅಳೆದು ನೋಡಿ ಎಂದು ಕೇಳಿಕೊಂಡಳು. ಫಲಿತಾಂಶ ನೋಡಿದ ಡಾಕ್ಟರು ತಟ್ಟನೆ ಎದ್ದರು. ನಿಜವಾದ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿತ್ತು. ಓಡಿ ಬಂದು ಆಮ್ಲಜನಕದ ಮಾಸ್ಕ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಬೆಂಚಿನ ಮೇಲೆ ಕೂತು ನರ್ಸಕ್ಕ ಬಿಡಿಸಿ ಹೇಳಿದಳು. ಈ ಯಂತ್ರ ಬೆರಳೊಳಗೆ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಇಂಥ ಯಂತ್ರಗಳನ್ನು ಹೆಚ್ಚಾಗಿ ಬಿಳಿ ಚರ್ಮದವರ ಮೇಲೆಯೇ ಪರೀಕ್ಷೆ ಮಾಡಿ ಹದಗೊಳಿಸಿದ್ದಾರೆ. ಕಪ್ಪು ಚರ್ಮದವರಿಗೆ ಕೆಲವು ಸಲ ಇರುವುದಕ್ಕಿಂತ ಹೆಚ್ಚು ತೋರಿಸಿಬಿಡುತ್ತದೆ.

"ನೀನು ತೆಳು ಬಿಳಿ ಚೂರಿನ ಮೇಲೆ ಹೊಲಿಗೆ ನೋಡಿ, ಅದೇ ಹದದಲ್ಲಿ ದಪ್ಪ ಕಪ್ಪು ಕೋಟು ಹೊಲೀತೀಯಾ?"

"ಯಾರಾದ್ರೂ ಹಾಗೆ ಮಾಡ್ತಾರಾ ಅಕ್ಕಾ? ಯಾವ ಬಟ್ಟೆಯೋ ಅದೇ ಬಟ್ಟೆ ಚೂರಲ್ಲಿ ನೋಡ್ಬೇಕು."

"ನಮ್ಮ ವಿಷಯದಲ್ಲಿ ನೋಡಿಲ್ಲ."

ಹೊಲಿಗೆಯಾಕೆಗೆ ಅತ್ತೆಯ ನೆನಪಾಯಿತು. ಹಿಂದೆ ಅವರನ್ನೂ ಹೀಗೇ, ಅಂಕಿ ಚೆನ್ನಾಗಿದೆ ಎಂದು ಮನೆಗೆ ಕಳಿಸಿದ್ದರು. ಅತ್ತೆ ಉಳಿಯಲಿಲ್ಲ. ಮುತ್ತಜ್ಜಂದಿರು ಗಿರಣಿ ಕೆಲಸಕ್ಕೆಂದು ಬಂದು ನೆಲೆಸಿದ ಈ ಓಣಿಯಲ್ಲಿ ಎಲ್ಲರೂ ಕಪ್ಪು ಮೈಬಣ್ಣದವರು. ಈ ಓಣಿಯವರ ರಕ್ತದಲ್ಲೇ ಎದೆಯ ದೌರ್ಬಲ್ಯವಿದೆ ಎಂದು ಊರಿನವರೂ ಹೇಳಿದ್ದರು, ಇವರೂ ನಂಬಿದ್ದರು. ದೋಷ ರಕ್ತದಲ್ಲಿ ಇರಲೇ ಇಲ್ಲವಲ್ಲ ಎಂದು ಅವಳು ಅಲ್ಲೇ ಕೂತು ಅತ್ತಳು.

ಒಬ್ಬ ಡಾಕ್ಟರು ಒಳ್ಳೆಯವರಾದರೆ ಸಾಲದು ಎಂದಳು ನರ್ಸಕ್ಕ. ಎಲ್ಲ ಮೈಬಣ್ಣದವರ ಮೇಲೆ ಪರೀಕ್ಷಿಸಿದ ಯಂತ್ರವನ್ನೇ ಸರ್ಕಾರ ಕೊಳ್ಳಬೇಕು. ಉಸಿರಾಡಲು ಕಷ್ಟಪಡುವವರನ್ನು ಬರೀ ಅಂಕಿ ನೋಡಿ ವಾಪಸ್ ಕಳಿಸಬಾರದು ಎಂಬ ನಿಯಮ ದೇಶದ ಎಲ್ಲ ಕ್ಲಿನಿಕ್ಕಿಗೂ ಬರಬೇಕು. ರಕ್ತ ಪರೀಕ್ಷೆ ಬಡವರ ಕೈಗೂ ಎಟುಕಬೇಕು.

ಗಂಡ ಚೇತರಿಸಿಕೊಂಡು ಮನೆಗೆ ಬಂದ. ಬಂದವನೇ, ನನ್ನ ನಾಟಕ ಹೇಗಿತ್ತು ಎಂದು ಹೆಂಡತಿಯನ್ನು ಛೇಡಿಸಿದ. ಅವಳಿಗೆ ನಗಲಾಗಲಿಲ್ಲ.

ಕ್ಲಿನಿಕ್ಕಿನ ಸಾರ್ವಜನಿಕ ಸಭೆಗೆ ಇಬ್ಬರೂ ಹೋದರು. ಆರೋಗ್ಯಾಧಿಕಾರಿಯ ಮಾತು ಮುಗಿದ ಮೇಲೆ ಹೊಲಿಗೆಯಾಕೆ ಎದ್ದು ನಿಂತಳು.

"ಸಾರ್, ಈ ಯಂತ್ರ ಸರಿಯಾಗಿದೆ ಅಂತ ಯಾರ ಬೆರಳಿನ ಮೇಲೆ ನೋಡಿದ್ರಿ?"

ಅಧಿಕಾರಿ ಯಂತ್ರದ ಪೆಟ್ಟಿಗೆ ತರಿಸಿ, ಅದರ ಮೇಲೆ ಬರೆದಿದ್ದನ್ನು ಓದತೊಡಗಿದರು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾತಾಡುವಾಗ ಉಸಿರು ಸಾಲದಿದ್ದರೆ, ತುಟಿಯ ಒಳಭಾಗ ಬೂದಿಬಣ್ಣಕ್ಕೆ ತಿರುಗಿದ್ದರೆ, ಅಂಕಿ ಏನೇ ಹೇಳಲಿ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ, ಸಂಕೋಚ ಬೇಡ. ನಿಮ್ಮ ಊರಿನ ಆರೋಗ್ಯ ಸಭೆಗೂ ಹೋಗಿ ಹೊಲಿಗೆಯಾಕೆ ಕೇಳಿದ್ದನ್ನೇ ಕೇಳಿ. ಉತ್ತರ ಬರುವವರೆಗೂ ಕೂರಬೇಡಿ.