ಬೂದು ಎಂದುಕೊಂಡ ಬಣ್ಣ

ಅಕ್ಕನ ಮಗ ರೈಲು ಎಂಜಿನ್ ಓಡಿಸುವ ಕೆಲಸದ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದ. ಸಂದರ್ಶನದಲ್ಲೂ ಪಾಸಾಗಿದ್ದ. ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣು ನೋಡಿದವರು ಒಂದೇ ಸಾಲು ಬರೆದು ಅವನನ್ನು ಮನೆಗೆ ಕಳಿಸಿದರು: ಬಣ್ಣ ಗುರುತಿಸುವ ಶಕ್ತಿ ಸಾಲದು.

ಮರುದಿನ ಬೆಳಿಗ್ಗೆ ಅಕ್ಕ ತಮ್ಮನಿಗೆ ಫೋನ್ ಮಾಡಿದಳು.

"ಶುದ್ಧ ಸುಳ್ಳು ಕಣೋ ಇದೆಲ್ಲ. ಯಾರೋ ಬೇಕಾದವರನ್ನ ತುರುಕೋಕೆ ನಾಟಕ ಆಡ್ತಿದ್ದಾರೆ. ಇಪ್ಪತ್ತೆರಡು ವರ್ಷ ಸಾಕಿದ್ದೀನಿ, ನನ್ನ ಮಗನಿಗೆ ಬಣ್ಣ ಗೊತ್ತಾಗಲ್ಲ ಅಂದ್ರೆ ನನಗೆ ತಿಳೀತಿರಲಿಲ್ವಾ? ಬೇರೆ ಡಾಕ್ಟರ ಹತ್ರ ಕರ್ಕೊಂಡು ಹೋಗು. ನೀನೇ ಹೋಗ್ಬೇಕು. ಬಣ್ಣ ನಂಬಿಕೊಂಡು ಬದುಕೋನು ನೀನು. ನಿನ್ನ ಮಾತಿಗೆ ತೂಕ ಇರುತ್ತೆ."

ಅಕ್ಕ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ತಮ್ಮ ವೆಬ್ ಡಿಸೈನರ್. ನಲವತ್ತನಾಲ್ಕು ವರ್ಷ. ಅಂತರ್ಜಾಲದ ಪುಟಗಳನ್ನು ಕಟ್ಟುವವರ ಪೈಕಿ ಅವನ ಬಣ್ಣಗಳಿಗೆ ಒಂದು ಹೆಸರಿತ್ತು. ಸಾರ್ವಜನಿಕ ಗ್ರಂಥಾಲಯಕ್ಕೆ ಅವನು ಮಾಡಿಕೊಟ್ಟ ಪುಟಕ್ಕೆ ಬಹುಮಾನ ಬಂದಿತ್ತು. ಒಂದು ಪತ್ರಿಕೆ ಆ ಪುಟದ ಹಿನ್ನೆಲೆಯನ್ನು "ಪುಸ್ತಕದ ನಡುವೆ ಒಣಗಿದ ಗುಲಾಬಿ" ಎಂದು ಕೊಂಡಾಡಿತ್ತು. ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಅವನು ಒಂದು ಮಾತು ಹೇಳುತ್ತಿದ್ದ: "ಸೃಜನಶೀಲತೆ ಅಂದ್ರೆ ಬೇರೇನಲ್ಲ, ಧೈರ್ಯ. ಎಲ್ಲರೂ ಆರಿಸೋ ಬಣ್ಣವನ್ನು ಆರಿಸದೇ ಇರೋದು." ಪ್ರತಿ ಬಣ್ಣಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಅವನು ಆ ಸಂಖ್ಯೆಗಳತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಕಿ ನೋಡಿ ಬಣ್ಣ ಆರಿಸುವುದೆಂದರೆ ಅಳತೆಪಟ್ಟಿ ಹಿಡಿದು ಮುತ್ತು ಕೊಟ್ಟ ಹಾಗೆ ಎಂದು ನಗುತ್ತಿದ್ದ.

ಹೀಗಾಗಿ ಅಕ್ಕನ ಮಗನನ್ನು ಕರೆದುಕೊಂಡು ಕಣ್ಣಿನ ಕ್ಲಿನಿಕ್ಕಿಗೆ ಹೊರಟಾಗ ಅವನು ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದ.

ಡಾಕ್ಟರು ಐವತ್ತು ದಾಟಿದ ಹೆಂಗಸು. ಹೆಚ್ಚು ಮಾತಿಲ್ಲ. ಮೇಜಿನ ಮೇಲೆ ಒಂದು ದಪ್ಪ ರಟ್ಟಿನ ಪುಸ್ತಕ ಬಿಚ್ಚಿಟ್ಟರು. ಪ್ರತಿ ಹಾಳೆಯ ಮೇಲೂ ದುಂಡಗೆ ಹರಡಿದ ಬಣ್ಣದ ಚುಕ್ಕಿಗಳು, ಆ ಚುಕ್ಕಿಗಳ ನಡುವೆ ಒಂದು ಅಂಕಿ.

"ಏನು ಕಾಣುತ್ತೆ ಹೇಳಪ್ಪ."

"ಹನ್ನೆರಡು," ಎಂದ ಹುಡುಗ.

"ಸರಿ. ಇದು?"

"ಮೂರು."

ಡಾಕ್ಟರು ಚೀಟಿಯಲ್ಲಿ ಏನನ್ನೋ ಗೀಚಿದರು. ಗೀಚಿದ ರೀತಿಯಲ್ಲೇ ಅದು ತಪ್ಪು ಉತ್ತರವೆಂದು ಗೊತ್ತಾಗುವಂತಿತ್ತು. ಡಿಸೈನರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಪುಟದ ಮೇಲೆ ಮೂರು ಎದ್ದು ಕಾಣುತ್ತಿತ್ತು.

"ಒಂದು ನಿಮಿಷ ಮೇಡಂ. ಅವನು ಸರಿಯಾಗೇ ಹೇಳಿದ್ನಲ್ಲ? ತಪ್ಪು ಅಂತ ಯಾಕೆ ಬರೀತೀರಿ?"

"ಅಂದ್ರೆ?"

"ಮೂರು ತಾನೇ ಅದು! ನಾನು ಇಪ್ಪತ್ತು ವರ್ಷದಿಂದ ಬಣ್ಣದಲ್ಲೇ ಕೆಲಸ ಮಾಡ್ತಿರೋನು. ಕಣ್ಣಿದ್ದೋರಿಗೆ ಯಾರಿಗಾದ್ರೂ ಅದು ಮೂರು ಅಂತಾನೇ ಕಾಣೋದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಹುಡುಗನ ಮುಂದಿದ್ದ ಪುಸ್ತಕವನ್ನು ಮೆಲ್ಲಗೆ ಮಾವನ ಕಡೆ ತಿರುಗಿಸಿ ಹಾಳೆ ಮಗುಚಿದರು.

"ಇದರಲ್ಲಿ ಏನಿದೆ ಹೇಳಿ."

"ಇದರಲ್ಲೇನಿಲ್ಲ. ಖಾಲಿ ಹಾಳೆ. ಬರೀ ಚುಕ್ಕಿ."

"ಇದರಲ್ಲಿ?"

"ಇದೂ ಖಾಲಿ."

ಡಾಕ್ಟರು ಬಾಗಿಲ ಕಡೆ ನೋಡಿ ಯಾರನ್ನೋ ಕರೆದರು. ಹೊರಗೆ ಕೂತು ಚೀಟಿ ಕೊಡುತ್ತಿದ್ದ ಹೆಂಗಸು ಒಳಗೆ ಬಂದಳು. ಬಾಯಲ್ಲಿ ಇನ್ನೂ ಬಿಸ್ಕತ್ತು ಇತ್ತು. ಡಾಕ್ಟರು ಮೊದಲು ಆ ಮೂರು ಇದ್ದ ಹಾಳೆ ತೋರಿಸಿದರು.

"ಎಂಟು," ಎಂದಳು ಅವಳು, ತುತ್ತು ನುಂಗುತ್ತ.

ಖಾಲಿ ಹಾಳೆ ತೋರಿಸಿದರು.

"ನಲವತ್ತೈದು. ಯಾಕೆ ಡಾಕ್ಟ್ರೇ?"

"ಏನಿಲ್ಲ, ಹೋಗು."

ಡಿಸೈನರ್ ಪುಸ್ತಕ ಎತ್ತಿಕೊಂಡ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ವಾರೆ ಮಾಡಿದ, ದೂರ ಹಿಡಿದ, ಮೂಗಿಗೆ ತಾಕುವಷ್ಟು ಹತ್ತಿರ ತಂದ. ನಲವತ್ತೈದು ಎಲ್ಲೂ ಇರಲಿಲ್ಲ. ಬಿಸ್ಕತ್ತು ತಿನ್ನುತ್ತ ಬಂದ ಹೆಂಗಸಿಗೆ ಅರೆಕ್ಷಣದಲ್ಲಿ ಕಂಡದ್ದು ತನಗೆ ಕಾಣುತ್ತಿಲ್ಲ! ಇವರಿಬ್ಬರೂ ಸೇರಿ ತನ್ನನ್ನು ಆಟ ಆಡಿಸುತ್ತಿದ್ದಾರೆ ಎಂದು ಒಂದು ಕ್ಷಣ ಅವನು ಮನಸ್ಸಾರೆ ನಂಬಿದ.

"ಹುಟ್ಟಿನಿಂದಲೇ ಬರೋದು ಇದು," ಎಂದರು ಡಾಕ್ಟರು. "ಬಣ್ಣಗುರುಡು ಅಂತೀವಿ. ಹಾಗಂತ ಬಣ್ಣವೇ ಕಾಣಲ್ಲ ಅಂತ ಅಲ್ಲ. ಕೆಂಪು, ಹಸಿರು ಬೆರೆತಿರೋ ಕಡೆ ವ್ಯತ್ಯಾಸ ಗೊತ್ತಾಗಲ್ಲ, ಅಷ್ಟೆ. ತಾಯಿಯ ಕಡೆಯಿಂದ ಬರುತ್ತೆ. ತಾಯಿಗೆ ಏನೂ ಇರಲ್ಲ, ಮಗನಿಗೆ ಬರುತ್ತೆ. ಅಕ್ಕನ ಮಗನಿಗಿದ್ರೆ ಸೋದರಮಾವನಿಗೂ ಇರೋದು ಅಪರೂಪವೇನಲ್ಲ." ಆಮೇಲೆ ಕೇಳಿದರು: "ನೀವು ಏನು ಕೆಲಸ ಅಂದ್ರಿ?"

ಅವನು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಬಂದು ನಿಂತಾಗ ಹುಡುಗ ಮೊದಲು ನಕ್ಕುಬಿಟ್ಟ. ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ದಾರಿಹೋಕರು ತಿರುಗಿ ನೋಡಿದರು. ಕೊನೆಗೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಅವನು ಬೇರೆಯೇ ದನಿಯಲ್ಲಿ ಹೇಳಿದ:

"ಅಲ್ಲ ಮಾವ, ಇಬ್ಬರದ್ದೂ ಒಂದೇ ಕಣ್ಣು. ನಿಮಗೆ ಅದು ಹೆಸರು ತಂದುಕೊಡ್ತು, ನನಗೆ ಸಿಗ್ತಿದ್ದ ಕೆಲಸ ಕಿತ್ಕೊಳ್ತು. ಇದ್ಯಾವ ನ್ಯಾಯ?"

ಉತ್ತರಕ್ಕೆ ಕಾಯದೆ ಹುಡುಗ ಬಸ್ಸು ಹತ್ತಿಬಿಟ್ಟ.

ಡಿಸೈನರ್ ನೇರ ಆಫೀಸಿಗೆ ಹೋದ. ಎರಡು ಕೋಣೆಯ ಆಫೀಸು, ಮೂರನೇ ಮಹಡಿ. ಅಲ್ಲಿ ಹನ್ನೊಂದು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ಇದ್ದಳು. ಇಬ್ಬರೂ ಒಟ್ಟಿಗೆ ಓದಿದವರು, ಒಟ್ಟಿಗೇ ಆಫೀಸು ತೆರೆದವರು. ಅವನು ಪುಟದ ರೂಪ ಬಿಡಿಸಿದರೆ ಅವಳು ಅದನ್ನು ಕೋಡಿನಲ್ಲಿ ಬರೆದು ಜೀವ ತುಂಬುವವಳು. ಕಾಲೇಜಿನ ದಿನದಿಂದ ಅವಳ ಅಡ್ಡಹೆಸರು ಅಂಕಿ.

ಅವನು ಬ್ಯಾಗನ್ನೂ ಇಳಿಸದೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಹೌಹಾರುತ್ತಾಳೆ, ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದ. ಅಂಕಿ ಕೀಲಿಮಣೆಯಿಂದ ಕೈ ತೆಗೆದು ಅವನನ್ನೇ ದಿಟ್ಟಿಸಿದಳು.

"ನಿಜವಾಗ್ಲೂ ನಿನಗೆ ಗೊತ್ತಿರಲಿಲ್ವಾ?"

"ಅಂದ್ರೆ ನಿನಗೆ ಗೊತ್ತಿತ್ತಾ?"

"ಕಣ್ಣಿನ ತೊಂದರೆ ಅಂತ ಗೊತ್ತಿರಲಿಲ್ಲ. ಬೇಕೂಂತಲೇ ಮಾಡ್ತೀಯ ಅಂದ್ಕೊಂಡಿದ್ದೆ. ನೆನಪಿದ್ಯಾ, ಮೊದಲನೇ ವರ್ಷ ಆ ಮಕ್ಕಳ ಆಸ್ಪತ್ರೆ ಪುಟ? ಮಗುವಿನ ಫೋಟೋಗೆ ನೀನು ಏನೋ ಛಾಯೆ ಕೊಟ್ಟಿದ್ದೆ. ಮಗುವಿನ ಕೆನ್ನೆ ಹಸಿರಾಗಿತ್ತು ಕಣೋ! ನಾನು ಹೇಳಿದ್ರೆ ನೀನು, 'ನಿನಗೆ ಧೈರ್ಯ ಸಾಲದು' ಅಂದೆ. ಎರಡನೇ ಸಲ ಹೇಳಿದಾಗ ನೀನು ಮೂರು ದಿನ ಮುಖ ಊದಿಸಿಕೊಂಡು ಮಾತು ಬಿಟ್ಟೆ."

"ಆಮೇಲೆ?"

"ಆಮೇಲೆ ನಾನೇ ಹೇಳೋದು ಬಿಟ್ಟೆ. ತೀರಾ ಅತಿಯಾದಾಗ ಕೋಡ್ ಬರೀವಾಗ ಸಂಖ್ಯೆ ಬದಲಾಯಿಸಿಬಿಡ್ತಿದ್ದೆ."

"ಎಷ್ಟು ಪುಟದಲ್ಲಿ?"

"ಅರ್ಧಕ್ಕಿಂತ ಜಾಸ್ತಿ."

ತನ್ನದೆಂದು ಊರೆಲ್ಲ ತೋರಿಸಿಕೊಂಡು ತಿರುಗಿದ ಪುಟಗಳು ಒಂದೊಂದಾಗಿ ಕಣ್ಮುಂದೆ ಬಂದವು. ಅವುಗಳಲ್ಲಿ ಯಾವುದು ತನ್ನದು, ಯಾವುದು ಅವಳದು ಎಂದು ವಿಂಗಡಿಸಲು ಅವನಿಗೆ ದಾರಿಯೇ ಇರಲಿಲ್ಲ. ಅವಳು ಬದಲಾಯಿಸಿದ್ದು ಅವನಿಗೆ ಕಂಡಿದ್ದರೆ ತಾನೇ?

"ಗ್ರಂಥಾಲಯದ್ದು?" ಎಂದು ಕೇಳಿದ.

"ಅದನ್ನ ಮುಟ್ಟಿಲ್ಲ. ಆ ವಾರ ನನಗೆ ಜ್ವರ. ನೀನು ಕೊಟ್ಟಿದ್ದನ್ನ ಹಾಗೇ ನೆಟ್ಟಿಗೆ ಏರಿಸಿಬಿಟ್ಟೆ. ಆಮೇಲೆ ನೋಡಿದ್ರೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಪಾಪ, ಇವನ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಅನ್ನಿಸ್ತು."

"ಅದು ಬೂದು ಅಲ್ವಾ?"

"ಯಾವುದು?"

"ಹಿನ್ನೆಲೆ. ನಾನು ಹಾಕಿದ್ದು ಬೂದು. ಗ್ರಂಥಾಲಯದ ಹಳೇ ಗೋಡೆ ಇತ್ತಲ್ಲ, ಸುಣ್ಣ ಮಾಸಿದ್ದು, ಅದರ ಬೂದು."

"ಗುಲಾಬಿ ಕಣೋ," ಎಂದಳು ಅಂಕಿ ಮೆಲ್ಲಗೆ. "ತಿಳಿ ಗುಲಾಬಿ. ಪೇಪರಿನಲ್ಲೂ ಬರೆದಿದ್ರಲ್ಲ!"

"ಒಣಗಿದ ಗುಲಾಬಿ ಅಂತ ಬರೆದಿದ್ರು. ಒಣಗಿದ್ರೆ ಬೂದು ಆಗುತ್ತೆ ಅಂದ್ಕೊಂಡೆ. ಬರೆಯೋರು ಹಾಗೇ ತಾನೇ ಸುತ್ತಿ ಬಳಸಿ ಹೇಳೋದು?"

ಅಂಕಿಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡಳು. ಕಂಪ್ಯೂಟರಿನತ್ತ ತಿರುಗಿ ಆ ಪುಟ ತೆರೆದಳು. ಪಕ್ಕದಲ್ಲೇ ಅದರ ಪ್ರತಿಯೊಂದನ್ನು ಮಾಡಿ ಹಿನ್ನೆಲೆಯ ಸಂಖ್ಯೆ ಬದಲಾಯಿಸಿದಳು.

"ಎಡಗಡೆದು ಎಲ್ಲರೂ ಹೊಗಳಿದ್ದು. ಬಲಗಡೆದು ನೀನು ಹೇಳ್ತಿರೋ ಬೂದು."

ಅವನು ಎಡ ನೋಡಿದ, ಬಲ ನೋಡಿದ. ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಬೂದು ಹೇಗಿದೆ?" ಎಂದ.

ಅಂಕಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಸಪ್ಪೆಯಾಗಿದೆ," ಎಂದಳು. "ಯಾವ ಆಫೀಸಿನ ಪುಟ ಬೇಕಾದ್ರೂ ಆಗಬಹುದು."

ಅವತ್ತು ಅವನು ಮನೆಗೆ ನಡೆದೇ ಹೋದ. ತಲೆಯೊಳಗೆ ಒಂದೇ ವಿಚಾರ ಗಾಣದೆತ್ತಿನಂತೆ ಸುತ್ತುತ್ತಿತ್ತು. ತಾನು ಕಂಡ ಬೂದು ಬರೀ ಸಪ್ಪೆ. ತನಗೆ ಕಾಣದ ಗುಲಾಬಿಗೆ ಬಹುಮಾನ. ಹಾಗಿದ್ದರೆ ಮಾಡಿದವರಾರು? ಧೈರ್ಯ, ಹೊಸತನ, ಎಲ್ಲರೂ ಹೋಗದ ದಾರಿ ಎಂದು ಹೊಸಬರ ಮುಂದೆ ಎದೆಯುಬ್ಬಿಸಿ ಹೇಳಿದ್ದೆಲ್ಲ ಏನು? ದಾರಿ ಕಾಣದವನು ಹೊಲಕ್ಕಿಳಿದರೆ ಅದನ್ನು ಹೊಸ ದಾರಿ ಎನ್ನುತ್ತಾರೆಯೇ? ಆದರೂ ಆ ಪುಟ ಚೆನ್ನಾಗಿತ್ತು ಎನ್ನುವುದು ಸುಳ್ಳಲ್ಲವಲ್ಲ. ಅಕ್ಷರಗಳ ಗಾತ್ರ, ಸಾಲುಗಳ ನಡುವಿನ ಉಸಿರು, ಹುಡುಕುವ ಪೆಟ್ಟಿಗೆ ಎಲ್ಲಿರಬೇಕು ಎಂಬ ಲೆಕ್ಕಾಚಾರ, ಅವುಗಳನ್ನು ತಾನೇ ಮಾಡಿದ್ದ, ಕಣ್ಣಾರೆ ಕಂಡೇ ಮಾಡಿದ್ದ. ಅದನ್ನು ಮಾತ್ರ ಯಾರೂ ಹೊಗಳಿರಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋದ. ಅಕ್ಕ ಅಷ್ಟರಲ್ಲಿ ಅತ್ತು ಅತ್ತು ಹಗುರಾಗಿದ್ದಳು.

"ನನ್ನಿಂದಲೇ ಬಂತಂತೆ," ಎಂದಳು. "ಮಗನಿಗೆ ನಾನೇ ಕೊಟ್ಟಿದ್ದಂತೆ. ಅಮ್ಮ ನಿನಗೂ ಕೊಟ್ಲು, ನನ್ನ ಕೈಲೂ ಕೊಟ್ಟು ಕಳಿಸಿದ್ಲು." ಆಮೇಲೆ ಏನೋ ಹೊಳೆದವಳಂತೆ ಕೂತಲ್ಲೇ ನೆಟ್ಟಗಾದಳು. "ಅಯ್ಯೋ! ಚಿಕ್ಕವನಿದ್ದಾಗ ನಿನ್ನ ಮೇಣದ ಬಣ್ಣದ ಕಡ್ಡಿಗೆ ಸುತ್ತಿರೋ ಕಾಗದ ಯಾರಾದ್ರೂ ಹರಿದ್ರೆ ಮನೆ ಕಿತ್ತುಹೋಗೋ ಹಾಗೆ ಅಳ್ತಿದ್ದೆ. ನಾವೆಲ್ಲ, ಎಷ್ಟು ಅಚ್ಚುಕಟ್ಟು ನಮ್ಮ ಹುಡುಗ ಅಂತ ಹೆಮ್ಮೆ ಪಡ್ತಿದ್ವಿ."

ಕಾಗದದ ಮೇಲೆ ಬಣ್ಣದ ಹೆಸರು ಬರೆದಿರುತ್ತಿತ್ತು. ಅವನು ಬಣ್ಣ ನೋಡುತ್ತಿರಲಿಲ್ಲ, ಓದುತ್ತಿದ್ದ. ಅದು ಅವನಿಗೂ ಈಗಲೇ ತಿಳಿದದ್ದು. ಒಳಕೋಣೆಯಲ್ಲಿದ್ದ ಹುಡುಗ ಅವತ್ತು ಹೊರಗೆ ಬರಲಿಲ್ಲ.

ಮುಂದಿನ ತಿಂಗಳು ಒಂದು ಔಷಧ ಅಂಗಡಿಯ ಒಡತಿ ಆಫೀಸಿಗೆ ಬಂದಳು. "ಗ್ರಂಥಾಲಯದ ಆ ಗುಲಾಬಿ ಇದೆಯಲ್ಲ, ಅಂಥದ್ದೇ ಏನಾದ್ರೂ ನಿಮ್ಮ ಕೈಯಿಂದಲೇ ಆಗ್ಬೇಕು," ಎಂದಳು. ಅಂಕಿ ಅವನತ್ತ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ಆ ಗುಲಾಬಿ ನನಗೆ ಕಾಣಲ್ಲಮ್ಮ. ನಾನು ಬಣ್ಣಗುರುಡ."

ಆಕೆ ಜೋರಾಗಿ ನಕ್ಕಳು, ಇದೂ ಕಲಾವಿದರ ಒಂದು ತಮಾಷೆ ಎಂಬಂತೆ. ಅವನು ನಗದೇ ಇದ್ದಾಗ ಅವಳ ನಗು ನಿಂತಿತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಹೋದವಳು ಮತ್ತೆ ಬರಲಿಲ್ಲ.

ಆದರೆ ಕೆಲಸ ನಿಲ್ಲಲಿಲ್ಲ. ಅವನು ಪುಟಗಳನ್ನು ಮೊದಲು ಬರೀ ಕಪ್ಪು ಬಿಳುಪಿನಲ್ಲಿ ಕಟ್ಟತೊಡಗಿದ. ಬಣ್ಣವಿಲ್ಲದೆಯೇ ಓದುವವರಿಗೆ ದಾರಿ ತಿಳಿಯಬೇಕು, ಆಮೇಲೆ ಅಂಕಿ ಪಕ್ಕದಲ್ಲಿ ಕೂತು ಬಣ್ಣ ತುಂಬುವುದು. ಇಬ್ಬರ ಹೆಸರೂ ಒಟ್ಟಿಗೆ ಹೋಗುವುದು. ಬಸ್ಸುಗಳ ವೇಳೆ ತೋರಿಸುವ ಒಂದು ಪುಟ ಬಂದಾಗ ರದ್ದಾದ ಬಸ್ಸಿಗೆ ಕೆಂಪು ಚುಕ್ಕಿ, ಓಡುವ ಬಸ್ಸಿಗೆ ಹಸಿರು ಚುಕ್ಕಿ ಎಂಬ ಹಳೆಯ ಕ್ರಮವನ್ನು ಕಿತ್ತುಹಾಕಿ, ರದ್ದಾದ ಸಾಲಿನ ಮೇಲೆ ದಪ್ಪ ಗೆರೆ ಎಳೆದ. ಅಕ್ಕನ ಮಗನನ್ನು ಕರೆಸಿ ತೋರಿಸಿದ. ಹುಡುಗನಿಗೆ ಅಷ್ಟರಲ್ಲಿ ನಿಲ್ದಾಣದಲ್ಲಿ ರೈಲುಗಳ ಹೆಸರು ಕೂಗಿ ಹೇಳುವ ಕೆಲಸ ಸಿಕ್ಕಿತ್ತು; ಒಲ್ಲದ ಮನಸ್ಸಿನಿಂದ ಹೋಗುತ್ತಿದ್ದ.

"ಗೆರೆ ಸರಿಯಿದೆ," ಎಂದ ಅವನು. "ಆದ್ರೆ ಗೆರೆ ಅಡ್ಡ ಬಂದು ಬಸ್ಸಿನ ನಂಬರೇ ಓದೋಕಾಗ್ತಿಲ್ಲ. ನಿಮ್ಮ ಧೈರ್ಯ ಸ್ವಲ್ಪ ಕಮ್ಮಿ ಮಾಡಿ ಮಾವ."

ಗೆರೆಯನ್ನು ತೆಳುವಾಗಿಸಿದರು. ಕ್ಲಿನಿಕ್ಕಿನ ಮೆಟ್ಟಿಲಿನ ಮಾತನ್ನು ಅವರಿಬ್ಬರೂ ಮತ್ತೆ ಎತ್ತಲಿಲ್ಲ.

ಇಷ್ಟೆಲ್ಲ ಒಂದು ಹದಕ್ಕೆ ಬಂತು ಎಂದುಕೊಂಡಿದ್ದ ಒಂದು ಸಂಜೆ ಅವನು ತರಕಾರಿ ಅಂಗಡಿಯಲ್ಲಿ ನಿಂತಿದ್ದ. ಟೊಮೆಟೊ ರಾಶಿಯಿಂದ ಒಂದೊಂದನ್ನೇ ತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ; ಮೆತ್ತಗಿದ್ದರೆ ಹಣ್ಣು, ಗಟ್ಟಿಯಿದ್ದರೆ ಕಾಯಿ. ಎಲ್ಲರೂ ಹಾಗೇ ಆರಿಸುತ್ತಾರೆ ಎಂದು ಅವನು ನಂಬಿದ್ದ. ಪಕ್ಕಕ್ಕೆ ಒಬ್ಬ ಮುದುಕಿ ಬಂದಳು. ರಾಶಿಯ ಮೇಲೆ ಒಮ್ಮೆ ಕಣ್ಣಾಡಿಸಿ ಇಲ್ಲೊಂದು, ಅಲ್ಲೊಂದು, ಮೂಲೆಯಲ್ಲೊಂದು, ಆರು ಹಣ್ಣು ಆರಿಸಿ ಬುಟ್ಟಿಗೆ ಹಾಕಿಕೊಂಡು ಹೊರಟುಹೋದಳು. ಒಂದನ್ನೂ ಒತ್ತಲಿಲ್ಲ.

ಅವನ ಕೈ ನಿಂತಲ್ಲೇ ನಿಂತಿತು. ಅವಳ ಹಿಂದೆ ಬಂದವನೂ ಒತ್ತಲಿಲ್ಲ. ಅವನ ಹಿಂದೆ ಬಂದವಳೂ ಇಲ್ಲ. ದೂರದಿಂದಲೇ ಕಾಣುತ್ತಿತ್ತು ಅವರಿಗೆಲ್ಲ!

"ಸಾರ್," ಎಂದಳು ಅಂಗಡಿಯವಳು, "ಎಷ್ಟು ವರ್ಷದಿಂದ ಹೇಳ್ತಿದ್ದೀನಿ, ಹಾಗೆ ಹಿಸುಕಿ ಹಿಸುಕಿ ಹಣ್ಣೆಲ್ಲ ಹಾಳು ಮಾಡ್ಬೇಡಿ ಅಂತ. ಕಣ್ಣಿಗೆ ಕಾಣಲ್ವಾ?"

"ಇಲ್ಲಮ್ಮ," ಎಂದ ಅವನು. "ನೀವೇ ಆರಿಸಿಕೊಡಿ."

ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಚೀಲ ಇಸಿದುಕೊಂಡು ಆರಿಸತೊಡಗಿದಳು.