ಒಳಗಿನ ಹಸಿರು ಒಕ್ಕಲು

ಮುನಿಗಂಗಮ್ಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ತಾನು ಕಂಡದ್ದನ್ನು ಹೇಳಿದಾಗ ಉಪಾಧ್ಯಾಯರ ಕೊಠಡಿಯೆಲ್ಲ ನಕ್ಕಿತು. ರಾಬರ್ಟ್‌ಸನ್‌ಪೇಟೆಯ ಹೈಸ್ಕೂಲಿಗೆ ಅವಳು ವಿಜ್ಞಾನದ ಟೀಚರಾಗಿ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದು ೧೯೬೬ನೆಯ ಇಸವಿ. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಕುಂಟೆಯ ನಿಂತ ನೀರಿನಲ್ಲಿ ಅವಳಿಗೊಂದು ಪ್ಯಾರಮೀಸಿಯಂ ಸಿಕ್ಕಿತ್ತು. ಒಂದೇ ಕೋಶದ, ಚಪ್ಪಲಿಯ ಆಕಾರದ ಜೀವಿ. ಮೈತುಂಬ ಹಸಿರು ಕಾಳುಗಳು. ಆ ಕಾಳುಗಳು ಅದರೊಳಗೆ ಮನೆ ಮಾಡಿಕೊಂಡ ಜೀವಂತ ಪಾಚಿ, ಬಿಸಿಲಿನಲ್ಲಿ ಸಕ್ಕರೆ ಮಾಡಿ ಮನೆಯೊಡೆಯನಿಗೂ ಕೊಡುತ್ತವೆ ಎಂಬುದು ಅವಳ ಮಾತು.

ಹಿರಿಯ ಮೇಷ್ಟ್ರು ಜಯರಾಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಬೆಳಿಗ್ಗೆ ನಾನು ಬಸಳೆಸೊಪ್ಪಿನ ಸಾರು ಉಂಡು ಬಂದೆ. ಹಂಗಂತ ನಾನೊಂದು ಬಳ್ಳಿ ಆಗ್ಬಿಟ್ನೇನಮ್ಮ?"

"ಇದು ಕರಗಲ್ಲ ಸಾರ್, ಒಳಗೇ ಹೆಚ್ತದೆ. ಎಲೆಯೊಳಗಿನ ಹಸಿರು ಕಣಗಳೂ ಹಿಂದೊಂದು ಕಾಲದಲ್ಲಿ ಹಿಂಗೇ ಹೊರಗಿಂದ ಬಂದು ಸೇರ್ಕೊಂಡವೇ ಇರ್ಬೇಕು."

"ತೋರ್ಸು. ಬಂಗಾರಪೇಟೆಲಿ ಮೇಷ್ಟ್ರುಗಳ ಸಭೆಗೆ ಆರು ವಾರ ಅದೆ. ತೋರಿಸಿದ್ರೆ ಭಾಷಣ ನಿಂದು. ಇಲ್ದಿದ್ರೆ ನಿನ್ನ ಹೆಸರು ಹೊಡ್ದಾಕಿ ಸಾಬೂನು ಮಾಡೋದು ಹೆಂಗೆ ಅಂತ ನಾನೇ ಮಾತಾಡ್ತೀನಿ."

ಮಾತು ಹಾಗಿದ್ದರೂ, ಶಾಲೆಗಿದ್ದ ಒಂದೇ ಸೂಕ್ಷ್ಮದರ್ಶಕವನ್ನು ಅವಳು ಮನೆಗೆ ಒಯ್ಯಲೆಂದು ಸಹಿ ಹಾಕಿದವರೂ ಅವರೇ. ಜವಾನ ಕುಪ್ಪುಸ್ವಾಮಿ ಅದನ್ನು ತನ್ನ ಕಂಬಳಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿದ. ಕುಲುಕೀತೆಂದು ಹತ್ತದೆ, ಉರಿಗಾಂನಲ್ಲಿದ್ದ ಅವಳ ಮನೆಯವರೆಗೂ ತಳ್ಳಿಕೊಂಡೇ ಬಂದ.

ಅಣ್ಣನಿಗೆ ಚಿನ್ನದ ಗಣಿಯವರು ಕೆಲಸಗಾರರ ಸಾಲಿನಲ್ಲಿ ಕೊಟ್ಟಿದ್ದ ಲೈನ್ ಮನೆಯಲ್ಲಿ ಅವಳು ಎರಡು ಸೀಸೆ ಹೂಡಿದಳು. ಎರಡರಲ್ಲೂ ಕಾಸಿ ಆರಿಸಿದ ನೀರು, ಒಂದಿಷ್ಟು ಹಸಿರು ಜೀವಿಗಳು. ಆಹಾರ ಮಾತ್ರ ಇಲ್ಲ. ಒಂದು ಸೀಸೆ ಕಿಟಕಿಯ ಬೆಳಕಿಗೆ, ಇನ್ನೊಂದು ಟ್ರಂಕಿನ ಕತ್ತಲಿಗೆ. ಬೆಳಕಿನವು ಬದುಕಿ ಕತ್ತಲಿನವು ಸತ್ತರೆ, ಆ ಹಸಿರೇ ಅವಕ್ಕೆ ಅನ್ನ ಹಾಕುತ್ತಿದೆ ಎಂದಾಯಿತು.

"ಪೆಟ್ಟಿಗೇಲಿರೋವಕ್ಕೆ ಏನಾಕ್ತೀಯೇ?" ಎಂದು ಅವಳ ತಾಯಿ ಪಾಪಕ್ಕ ಕೇಳಿದಳು.

"ಏನೂ ಇಲ್ಲಮ್ಮ. ಉಪವಾಸ."

ಪಾಪಕ್ಕ ಟ್ರಂಕಿನ ಕಡೆಗೊಮ್ಮೆ ನೋಡಿ, ಒಲೆಯ ಮೇಲಿನ ಗಂಜಿ ಕಲಕಲು ಹೋದಳು.

ಐದನೆಯ ವಾರ ಟ್ರಂಕು ತೆರೆದಾಗ ಸೀಸೆಯ ನೀರು ಮಬ್ಬಾಗಿತ್ತು. ಒಂದು ಹನಿ ತೆಗೆದು ನೋಡಿದರೆ ಒಂದೂ ಸತ್ತಿಲ್ಲ! ಮೊದಲಿಗಿಂತ ಹತ್ತರಷ್ಟಾಗಿ ಓಡಾಡುತ್ತಿವೆ. ಆದರೆ ಒಂದರಲ್ಲೂ ಹಸಿರಿನ ಸುಳಿವಿಲ್ಲ, ಗಾಜಿನಂತೆ ಬೆಳ್ಳಗಿವೆ.

"ಅಮ್ಮಾ, ಈ ಸೀಸೆ ಮುಟ್ಟಿದ್ಯಾ?"

"ದಿನಾ ಎಲ್ಡು ತೊಟ್ಟು ಗಂಜಿ ತಿಳಿ ಬುಟ್ಟೆ ಕಣೇ. ಬಾಯಿಲ್ದ ಜೀವ, ಕತ್ಲಾಗೆ ಬೇರೆ. ನಾವು ಒಟ್ಟೆ ತುಂಬ ಉಂಡು ಅವನ್ನ ಉಪಾಸ ಕೆಡುವಾಕಾಯ್ತದಾ?"

"ಎಲ್ಲ ಹಾಳು ಮಾಡ್ದೆ!" ಮುನಿಗಂಗಮ್ಮ ಗೋಡೆಗೊರಗಿ ಕೂತುಬಿಟ್ಟಳು. ತಾಯಿ ಅಪರಾಧಿಯಂತೆ ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟಳು. ಅದನ್ನು ಕುಡಿಯುತ್ತ ಇನ್ನೊಮ್ಮೆ ಕಣ್ಣಿಟ್ಟಾಗ ಅವಳಿಗೆ ಹೊಳೆಯಿತು. ಗಂಜಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿವೆ. ಅವನ್ನು ತಿಂದು ಇವು ಬೇಗ ಬೇಗ ಎರಡೆರಡಾಗಿವೆ. ಬಿಸಿಲಿಲ್ಲದ ಹಸಿರಿಗೆ ಆ ವೇಗದಲ್ಲಿ ಹೆಚ್ಚಲಾಗದೆ, ಮರಿಗಳ ಪಾಲಿಗೆ ಸಾಲದೆ ಹೋಗಿದೆ. ಮನೆ ನಿಂತಿದೆ, ಒಕ್ಕಲು ಖಾಲಿಯಾಗಿದೆ. ಅಂದಮೇಲೆ ಮನೆ ಬೇರೆ, ಒಕ್ಕಲು ಬೇರೆ! ಹಾಗಿದ್ದರೆ ಒಕ್ಕಲನ್ನು ಮತ್ತೆ ಕರೆತರಬಹುದಲ್ಲ?

ಸಭೆಗೆ ಉಳಿದದ್ದು ಎಂಟೇ ದಿನ. ಕಿಟಕಿಯ ಸೀಸೆಯ ಹಸಿರು ಜೀವಿಗಳನ್ನು ಎರಡು ಗಾಜಿನ ನಡುವೆ ಅರೆದು, ಒಂದಿಷ್ಟು ಬಿಳಿಯವಕ್ಕೆ ಬೆರೆಸಿ ಬೆಳಕಿಗಿಟ್ಟಳು. ಮೊದಲ ದಿನ ಅವು ಹಸಿರನ್ನು ಗಬಗಬ ನುಂಗಿದವು. ಎರಡನೆಯ ದಿನ ನುಂಗಿದ್ದೆಲ್ಲ ಕಂದುಬಣ್ಣಕ್ಕೆ ತಿರುಗಿ ಕರಗತೊಡಗಿತು. ಜಯರಾಮಪ್ಪನವರ ಬಸಳೆಸೊಪ್ಪು ನೆನಪಾಯಿತು. ಮೂರನೆಯ ದಿನ ಒಂದೇ ಒಂದು ಜೀವಿಯ ಅಂಚಿನಲ್ಲಿ ನಾಲ್ಕು ಕಾಳು, ಎಳೆ ಹಸಿರು. ಮರುದಿನ ಎಂಟು. ಆರನೆಯ ದಿನಕ್ಕೆ ಲೆಕ್ಕ ತಪ್ಪಿತು.

ಬಂಗಾರಪೇಟೆಯ ಸಭೆಯಲ್ಲಿ ಮೂರು ಹನಿಗಳನ್ನು ಒಂದಾದ ಮೇಲೊಂದರಂತೆ ಜಯರಾಮಪ್ಪ ನೋಡಿದರು: ಹಸಿರು, ಬಿಳಿ, ಬಿಳಿಯಾಗಿದ್ದು ಮತ್ತೆ ಹಸಿರಾದದ್ದು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ.

"ಈ ಬಿಳೀವು ಅದೇ ಜಾತಿಯೇನಮ್ಮ?"

"ಅವುಗಳ ಮರಿಗಳೇ ಸಾರ್."

"ಉಂಡ ಸೊಪ್ಪು ಹೊಟ್ಟೆಯೊಳಗೆ ದಿನದಿನಕ್ಕೂ ಹೆಚ್ಚೋದು ನಾನು ಕಂಡಿಲ್ಲಪ್ಪ," ಎಂದು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಮೊದಲು ನಕ್ಕೋನು ನಾನೇ. ಈಗ ಮುಂದಿನ ಬೆಂಚಲ್ಲಿ ಕೂತು ಕೇಳ್ತೀನಿ. ಮಾತಾಡು ತಾಯಿ."

ಅವಳು ಬೆಳಕು-ಕತ್ತಲಿನ ಸೀಸೆಗಳ ಕಥೆಯನ್ನೆಲ್ಲ ಹೇಳಿ, ಕೊನೆಗೆ ಮಾತು ಸೇರಿಸಿದಳು. "ಎಲೆಯ ಕಥೆಗೆ ಇದು ಪೂರ್ತಿ ಪುರಾವೆ ಅಲ್ಲ. ಆದರೆ ನುಂಗಿದ್ದು ಕರಗದೆ ಒಳಗೇ ಒಕ್ಕಲಾಗಬಹುದು ಅನ್ನೋದನ್ನ ಈ ಹನಿಗಳಲ್ಲಿ ನೀವೇ ಕಣ್ಣಾರೆ ನೋಡ್ಬಹುದು. ಈ ಪಾಚಿ ಹೊಸ ಒಕ್ಕಲು, ಇನ್ನೂ ಹೊರಗೂ ಬದುಕ್ತದೆ. ಎಲೆಯದು ಕೋಟಿ ಕೋಟಿ ವರ್ಷದ ಹಿಂದೆ ಬಂದ ಬ್ಯಾಕ್ಟೀರಿಯಾ ಬಳಗದ ಹಸಿರು. ಒಂದೊಂದೇ ಕೆಲಸ ಮನೆಯೊಡೆಯನಿಗೆ ಒಪ್ಪಿಸ್ತಾ ಒಪ್ಪಿಸ್ತಾ, ಹೊರಗೆ ಬದುಕೋದನ್ನೇ ಮರೆತು ಮನೆಯ ಭಾಗವೇ ಆಗಿರ್ಬೇಕು. ಆ ಕಣಗಳೊಳಗೆ ಅವುಗಳದ್ದೇ ಆನುವಂಶಿಕ ವಸ್ತು ಅದೆ ಅಂತ ಈಗ ಮೂರ್ನಾಲ್ಕು ವರ್ಷದಿಂದ ವಿಜ್ಞಾನಿಗಳೂ ಹೇಳ್ತಾ ಇದಾರೆ."

"ಕತ್ತಲಲ್ಲಿಟ್ಟು ಊಟ ಹಾಕೋ ಉಪಾಯ ಯಾರದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಮ್ಮಮ್ಮಂದು," ಎಂದಳು ಮುನಿಗಂಗಮ್ಮ. ಚಪ್ಪಾಳೆ ಬಿತ್ತು. ಬಾಗಿಲ ಬಳಿ ಕೂತಿದ್ದ ಪಾಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ನೋಡುವವರ ಸಾಲು ಅಂಗಳದವರೆಗೆ ಬೆಳೆಯಿತು. ಸಂಜೆಯ ಬಿಸಿಲು ಮೇಜಿನಿಂದ ಜಾರುತ್ತಿದ್ದಂತೆ ಜಯರಾಮಪ್ಪ ಪಂಚೆ ಮೇಲೆ ಕಟ್ಟಿ ಮಂಡಿಯೂರಿದರು; ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಯನ್ನು ಬೆಳಕಿನತ್ತ ತಿರುಗಿಸುತ್ತ, "ನೂಕಬೇಡ್ರಪ್ಪ, ಎಲ್ರಿಗೂ ತೋರಿಸ್ತಾಳೆ ನಮ್ಮ ಹುಡುಗಿ," ಎಂದರು.